ಹಿತ್ತಲಿನ ಹಕ್ಕಿಯೂ ದಾಸೋಹವೂ



ಪ್ರಾತಃಕಾಲದಲ್ಲಿ ಲಿಂಗಪೂಜೆಗೆ ಹೂವೆತ್ತಲು ಹಿತ್ತಲಿಗೆ ಹೋದ ಗೃಹಸ್ಥನಿಗೆ ದಾಸವಾಳದ ಪೊದೆಯಲ್ಲಿ ಪಿಕಳಾರದ ಗೂಡು ಕಂಡಿತೆನ್ನಿ. ತಾಯಿಹಕ್ಕಿ ಕಾವು ಕುಳಿತಿದೆ. ಕೈ ಚಾಚಿದರೆ ಪೂಜೆಗೆ ಹೂ ದೊರೆಯುವುದು. ಆದರೆ ಬೆದರಿದ ಹಕ್ಕಿ ಗೂಡನ್ನೇ ತೊರೆಯಬಹುದು. ಆಗ ಅವನು ಮಾಡತಕ್ಕುದೇನು?

ಅಕ್ಕಮಹಾದೇವಿಯವರು ಚೆನ್ನಮಲ್ಲಿಕಾರ್ಜುನನ ಸುಳಿವನ್ನು ಗಿಳಿ, ಕೋಗಿಲೆ, ನವಿಲುಗಳಲ್ಲಿ ವಿಚಾರಿಸಿದರು. ಅಗುಳು ಕಂಡೊಡನೆ ಬಳಗವನ್ನು ಕೂಗುವ ಕಾಗೆಯನ್ನು ಬಸವಣ್ಣನವರು ಭಕ್ತರಿಗೆ ಮಾದರಿಯಾಗಿ ತೋರಿದರು. ಕಣ್ಣಿಟ್ಟು ನೋಡದವನಿಗೆ ಈ ಮಾತುಗಳು ಹೊಳೆಯವು. ಹಕ್ಕಿಯನ್ನು ನೋಡುವುದೂ ಶರಣರು ನಡೆದ ದಾರಿಯೇ ಸರಿ.

ಬಸವಣ್ಣನವರ ಬಾಗೇವಾಡಿಯಿರುವ ವಿಜಯಪುರ ಜಿಲ್ಲೆಯಲ್ಲಿಯೇ ಸಿಂದಗಿ ಸೀಮೆಯ ಕನ್ನೊಳ್ಳಿಯೂ ಇದೆ. ಜೋಳ ಬೆಳೆವ ಈ ಬಯಲುನಾಡಿನಲ್ಲಿ ಬೇಸಗೆಯ ಬಿಸಿಲು 40 ಡಿಗ್ರಿಯನ್ನು ಮೀರುವುದುಂಟು. ಆಗ ಹಿತ್ತಲ ಬೇವಿನ ನೆರಳೂ ಮಣ್ಣಿನ ಬೋಗುಣಿಯ ನೀರೂ ಹಕ್ಕಿಯ ಪ್ರಾಣವನ್ನುಳಿಸುವುವು. ಆದರೆ ಕಾಳು ನೀರು ಇಟ್ಟ ಮಾತ್ರಕ್ಕೆ ದಾಸೋಹ ಮುಗಿಯದು. ಗುಬ್ಬಿಯು ತಾನು ಕಾಳು ತಿಂದರೂ ಎಳೆಯ ಮರಿಗೆ ಹುಳುಗಳನ್ನೇ ಉಣಿಸುತ್ತದೆ. ಬದನೆ ಅವರೆಗಳ ಮೇಲೆ ವಿಷ ಸಿಂಪಡಿಸಿದೆವಾದರೆ, ಅಂಗಳದಲ್ಲಿ ಕಾಳು ಚೆಲ್ಲಿ ಹಿತ್ತಲಲ್ಲಿ ಮರಿಯನ್ನು ಉಪವಾಸ ಕೆಡಹಿದಂತಾಯಿತು.

ಆದುದರಿಂದ ಆ ಗೃಹಸ್ಥನು ಒಂದು ತಿಂಗಳ ಮಟ್ಟಿಗೆ ಆ ಪೊದೆಯನ್ನು ಮುಟ್ಟದಿರಲಿ. ದೂರ ನಿಂತು ನೋಡಲಿ, ಮಕ್ಕಳಿಗೂ ತೋರಿಸಲಿ. ಬೇರೆ ಹೂ ದೊರೆಯದಿದ್ದರೆ ವಿಭೂತಿ ಪತ್ರೆಗಳಿಂದಲೇ ಪೂಜಿಸಲಿ. ಪೂಜೆಗೆ ಹೂ ಕಡಿಮೆಯಾಯಿತೆಂಬ ಚಿಂತೆ ಬೇಡ. ಹಕ್ಕಿಗಾಗಿ ಗಿಡದಲ್ಲಿಯೇ ಬಿಟ್ಟ ಹೂವೂ ಲಿಂಗಾರ್ಪಿತವೇ.