ಇಂದಿನ ಧಮ್ಮ ಚಿಂತನೆ: ಉಪಾಲಿಯವರ ಸೀನಿಯಾರಿಟಿ

 

ಉಪಾಲಿ ಶಾಕ್ಯರ ಕ್ಷೌರಿಕರು. ಭದ್ದಿಯ, ಅನುರುದ್ಧ, ಆನಂದ ಮೊದಲಾದ ರಾಜಕುಮಾರರ ಜೊತೆಯಲ್ಲೇ ಸಂಘ ಸೇರಲು ಬಂದರು. ಆಗ ರಾಜಕುಮಾರರೇ ಭಗವಾನರನ್ನು ಬೇಡಿಕೊಂಡರು: ಮೊದಲು ಉಪಾಲಿಗೆ ದೀಕ್ಷೆ ಕೊಡಿ, ನಾವು ಅವರಿಗೆ ಎದ್ದು ನಿಂತು ಕೈಮುಗಿಯುವಂತಾಗಲಿ, ನಮ್ಮ ಶಾಕ್ಯ ಕುಲದ ಸೊಕ್ಕು ಇಳಿಯಲಿ. ಸಂಘದಲ್ಲಿ ಹಿರಿತನ ಹುಟ್ಟಿನಿಂದಲ್ಲ, ದೀಕ್ಷೆಯ ದಿನದಿಂದ. ಕಚೇರಿ ಭಾಷೆಯಲ್ಲಿ ಹೇಳುವುದಾದರೆ, ಸೀನಿಯಾರಿಟಿ ಪಟ್ಟಿಯಲ್ಲಿ ಕ್ಷೌರಿಕರು ರಾಜಕುಮಾರರಿಗಿಂತ ಮೇಲೆ.

ಈ ಪಟ್ಟಿಯ ಜಗಳ ನಮ್ಮ ನೌಕರ ಬಂಧುಗಳಿಗೆ ಚೆನ್ನಾಗಿ ಗೊತ್ತು. ರಾಜ್ಯದಲ್ಲಿ 1978ರಲ್ಲಿ ಬಡ್ತಿಯಲ್ಲಿ ಪರಿಶಿಷ್ಟ ಜಾತಿಗೆ ಶೇ. 15, ಪಂಗಡಕ್ಕೆ ಶೇ. 3 ಮೀಸಲಾತಿ ಬಂತು. ಹಾಗೆ ಮೇಲೆ ಬಂದವರ ಹಿರಿತನ ಕಾಯುವ 2002ರ ಕಾಯ್ದೆಯ ಮುಖ್ಯ ಅಂಶಗಳನ್ನು ಸುಪ್ರೀಂ ಕೋರ್ಟ್ ಬಿ.ಕೆ. ಪವಿತ್ರ ಪ್ರಕರಣದಲ್ಲಿ 2017ರ ಫೆಬ್ರವರಿ 9ರಂದು ರದ್ದು ಮಾಡಿತು. ‘ಹಿಂಬಡ್ತಿ’ ಎಂಬ ಪದ ಎಷ್ಟು ಮನೆಗಳ ನಿದ್ದೆ ಕೆಡಿಸಿತು! ರತ್ನಪ್ರಭಾ ಸಮಿತಿ ಅಂಕಿಅಂಶ ಕಲೆಹಾಕಿತು, 2018ರಲ್ಲಿ ಹೊಸ ಕಾಯ್ದೆ ಬಂತು, 2019ರ ಮೇ 10ರಂದು ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಎಲ್ಲ ವರ್ಗದವರೂ ಆಡಳಿತದಲ್ಲಿ ಇರುವುದೂ ದಕ್ಷತೆಯ ಭಾಗವೇ ಎಂದು ಆ ತೀರ್ಪು ಒಪ್ಪಿತು.

ಅರ್ಹತೆಯ ಮಾತು ಬಿಡಿ. 1917ರಲ್ಲಿ ಬರೋಡಾದ ಕಚೇರಿಗೆ ಬಂದ ಬಾಬಾಸಾಹೇಬರು ಕೊಲಂಬಿಯಾದಲ್ಲಿ ಎಂ.ಎ. ಮಾಡಿದವರು. ಆದರೂ ಜವಾನರು ಫೈಲುಗಳನ್ನು ದೂರದಿಂದ ಎಸೆಯುತ್ತಿದ್ದರು. ಇತ್ತ ಉಪಾಲಿಯವರು? ರಾಜಗೃಹದ ಮೊದಲ ಸಂಗೀತಿಯಲ್ಲಿ ಇಡೀ ವಿನಯವನ್ನು ಹೇಳಿದವರು ಅವರೇ.

“ಮನಸ್ಸು ಬದಲಾಗದೆ ಕಾನೂನಿನಿಂದ ಏನು ಪ್ರಯೋಜನ? ಬಲವಂತದ ಗೌರವ ಗೌರವವೇ?” ನಮ್ಮವರೇ ಹೀಗೆ ಕೇಳುವುದುಂಟು. ನನಗೆ ಈ ಪ್ರಶ್ನೆ ತಲೆಕೆಳಗಾಗಿ ಕಾಣುತ್ತದೆ. ಆ ರಾಜಕುಮಾರರು ತಮ್ಮ ಮನಸ್ಸು ಬದಲಾಗಲಿ ಎಂದು ಕಾಯಲಿಲ್ಲ. ಸೊಕ್ಕು ಒಳ್ಳೆಯ ಯೋಚನೆಗಳಿಂದಷ್ಟೇ ಹೋಗದು ಎಂದು ಬಲ್ಲವರು, ದಿನಾ ಬೆನ್ನು ಬಗ್ಗಿಸಬೇಕಾದ ನಿಯಮವನ್ನೇ ಕೇಳಿ ಪಡೆದರು. ಅವರು ಕೇಳಿ ಪಡೆದದ್ದನ್ನು ಇಲ್ಲಿ ಕೋರ್ಟು ಹೇಳಬೇಕಾಯಿತು, ವ್ಯತ್ಯಾಸ ಅಷ್ಟೇ. ಆ ವ್ಯತ್ಯಾಸ ಸಣ್ಣದಲ್ಲ, ನಿಜ.

ಹೆಸರು ಬೇಡ, ಒಂದು ಶಾಲೆಗೆ ನಮ್ಮವರೊಬ್ಬರು ಮುಖ್ಯೋಪಾಧ್ಯಾಯರಾಗಿ ಬಂದರು. ಸಿಬ್ಬಂದಿಯಲ್ಲಿ ಕೆಲವರು “ಹೆಚ್.ಎಂ. ಬಂದ್ರಾ?” ಎಂದು ಹುದ್ದೆಯನ್ನಷ್ಟೇ ಕರೆಯುತ್ತಿದ್ದರು. ಅವರ ಬಾಯಲ್ಲಿ “ಸಾರ್” ಬರಲು ಎರಡು ವರ್ಷ ಹಿಡಿಯಿತು. ಈಗ ಬರುತ್ತದೆ.

ಜೈ ಭೀಮ್.