ಇಂದಿನ ಧಮ್ಮ ಚಿಂತನೆ: ಬಸ್ಸು ತಪ್ಪದಿರಲಿ



ಯಲಬುರ್ಗಾ ಕಡೆಯ ನಮ್ಮೂರಿಂದ ನನ್ನ ಅಣ್ಣ ಡಯಾಲಿಸಿಸ್‌ಗೆಂದು ವಾರಕ್ಕೆ 3 ಸಲ ಬಸ್ಸು ಹತ್ತುತ್ತಾನೆ. ಪ್ರತಿ ಸಲ 4 ತಾಸು. ಬಿತ್ತನೆ ಹೊತ್ತಿನಲ್ಲಿ "ಮೈ ಹಗುರ ಐತಿ, ಕೂಲಿ ಯಾಕ ಬಿಡ್ಲಿ" ಎಂದು ಎರಡು ಸಲ ತಪ್ಪಿಸಿದ. ಹಗುರವಾಗಿದ್ದು ರೋಗ ಹೋಗಿದ್ದರಿಂದಲ್ಲ, ಡಯಾಲಿಸಿಸ್‌ನಿಂದ. ಶನಿವಾರ ರಾತ್ರಿ ಮಲಗಲಾಗದೆ, ಗೋಡೆಗೊರಗಿ ಕುಳಿತು ಉಸಿರಿಗೆ ಒದ್ದಾಡಿದ. ದೇಹದ ನೀರು ಶ್ವಾಸಕೋಶಕ್ಕೆ ಇಳಿದಿತ್ತು. ರಕ್ತದಲ್ಲಿ ಪೊಟ್ಯಾಸಿಯಂ ಏರಿದರೆ ಹೃದಯ ಹಠಾತ್ತನೆ ನಿಲ್ಲಬಹುದು ಎಂದರು ವೈದ್ಯರು. ಅಣ್ಣ ಉಳಿದ.

ಭಗವಾನ್ ಬುದ್ಧರ ಕೊನೆಯ ಬೋಧನೆ ಅಪ್ಪಮಾದ, ಅಂದರೆ ಎಚ್ಚರ ತಪ್ಪದಿರುವುದು. ಸಣ್ಣವರ ಪ್ರಯತ್ನಕ್ಕೂ ಫಲವುಂಟೆಂದು ಸಾಮ್ರಾಟ ಅಶೋಕರು ನಮ್ಮ ಕೊಪ್ಪಳದ ಗವಿಮಠದ ಬಂಡೆಯ ಮೇಲೆ ಬರೆಸಿದ್ದಾರೆ. ಅಣ್ಣನ ಪಾಲಿಗೆ ಬೆಳಗಿನ ಬಸ್ಸು ಹತ್ತುವುದೇ ಆ ಪ್ರಯತ್ನ.

ಎಚ್ಚರ ತಪ್ಪಿದ್ದು ಅಣ್ಣನೊಬ್ಬನೇ ಅಲ್ಲ. ಆ ವಾರ ನಾನು ಒಂದು ಫೋನೂ ಮಾಡಿರಲಿಲ್ಲ. ಭೇದಿಯಿಂದ ಬಿದ್ದಿದ್ದ ಭಿಕ್ಖುವನ್ನು ಬುದ್ಧರು ಆನಂದರೊಡನೆ ತಾವೇ ತೊಳೆದ ಕಥೆಯನ್ನು ನಿಮಗೆ ಹೇಳಿದವನು ನಾನೇ!

ನಿಮ್ಮ ಓಣಿಯಲ್ಲಿ ಡಯಾಲಿಸಿಸ್‌ನವರಿದ್ದರೆ ಅವರ ದಿನ ಕೇಳಿಟ್ಟುಕೊಳ್ಳಿ. ಒಬ್ಬರಾದರೂ ಜೊತೆಗೆ ಹೋಗೋಣ. ತಪ್ಪಿತೇ? ಅಂದೇ ಕೇಂದ್ರಕ್ಕೆ ಫೋನ್ ಮಾಡೋಣ.

ಭವತು ಸಬ್ಬ ಮಂಗಳಂ 🙏