ಯಾರದೋ ಹೋರಾಟ

'ಇದು ನಮ್ಮ ಜಗಳವಲ್ಲ, ನಮಗ್ಯಾಕೆ?' ಅಮೆರಿಕದ ಕನ್ನಡಿಗರ ನಡುವೆ ಯಾವುದೇ ಚಳವಳಿಯ ಪ್ರಸ್ತಾಪ ಬಂದರೂ ಕೇಳಿಬರುವ ಮಾತಿದು. ಇದನ್ನು ಬರೀ ಪುಕ್ಕಲುತನ ಎನ್ನಲಾರೆ. ವೀಸಾದ ಮೇಲೆ ನಿಂತ ಬದುಕಿಗೆ ಎಚ್ಚರ ಸಹಜ. ಆದರೆ ನಾವು ಒಳಬಂದ ಬಾಗಿಲನ್ನು ತೆರೆದವರು ಯಾರೆಂದು ನೆನೆದರೆ ಆ ಮಾತು ಸಲೀಸಾಗಿ ಬಾಯಿಗೆ ಬರುವುದಿಲ್ಲ.

ಮೊದಲ ಮಹಾಯುದ್ಧದಲ್ಲಿ ಅಮೆರಿಕದ ಸೈನ್ಯದಲ್ಲಿದ್ದ ಪಂಜಾಬಿನ ಸಿಖ್ ಭಗತ್ ಸಿಂಗ್ ಥಿಂಡ್ ಅವರ ಪೌರತ್ವದ ಮೊಕದ್ದಮೆ 1923ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ತೀರ್ಮಾನವಾಯಿತು. ವಲಸಿಗರಲ್ಲಿ ಬಿಳಿಯರಿಗೆ ಮತ್ತು ಆಫ್ರಿಕಾ ಮೂಲದವರಿಗೆ ಮಾತ್ರ ಪೌರತ್ವವಿದ್ದ ಕಾಲ ಅದು. ಆ ನಿಯಮವೇ ಅನ್ಯಾಯವೆಂಬುದು ಥಿಂಡ್ ಅವರ ವಾದವಾಗಿರಲಿಲ್ಲ. ತಾನು ಮೇಲ್ಜಾತಿಯ ಆರ್ಯ, ಆದ್ದರಿಂದ ಬಿಳಿಯ ಎಂಬುದಾಗಿತ್ತು. ಅವರು ಸೋತರು.

ಬಾಗಿಲು ಅಗಲವಾಗಿ ತೆರೆದದ್ದು 1965ರ ವಲಸೆ ಕಾಯಿದೆಯಿಂದ. ಅದರ ಹಿಂದಿದ್ದದ್ದು ಕರಿಯರ ನಾಗರಿಕ ಹಕ್ಕುಗಳ ಚಳವಳಿ ಎಬ್ಬಿಸಿದ ಗಾಳಿ. ಮಾಂಟ್ಗೊಮರಿಯಲ್ಲಿ 381 ದಿನ ಬಸ್ಸು ಹತ್ತದೆ ನಡೆದವರಿಗೆ ನಮ್ಮ ಹೆಸರೂ ಗೊತ್ತಿರಲಿಲ್ಲ. ಆದರೂ ಅವರ ಫಲವನ್ನು ನಾವು ಉಂಡೆವು.

ಹಾಗೆಂದು ಕಂಡ ಮೆರವಣಿಗೆಗೆಲ್ಲ ಸೇರಬೇಕೆ? ಬೇಡ. ಚಳವಳಿಯ ಗುರಿ, ಅದರ ದಾರಿ, ಅದು ಈಗ ಕೇಳುತ್ತಿರುವ ಬೇಡಿಕೆ ಇವು ಬೇರೆಬೇರೆ. ಒಂದನ್ನು ಒಪ್ಪಿ ಇನ್ನೊಂದನ್ನು ಪ್ರಶ್ನಿಸಬಹುದು. ಆದರೆ ಪ್ರಶ್ನಿಸುವವರು ಪರಿಹಾರದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ.

2023ರ ಫೆಬ್ರವರಿಯಲ್ಲಿ ಸಿಯಾಟಲ್ ನಗರ ಜಾತಿ ತಾರತಮ್ಯವನ್ನು ನಿಷೇಧಿಸಿತು. ಕ್ಯಾಲಿಫೋರ್ನಿಯಾದ ಶಾಸನಸಭೆ ಅಂಥದೇ ಮಸೂದೆಯನ್ನು ಅಂಗೀಕರಿಸಿದರೂ, ಈಗಿರುವ ಕಾನೂನೇ ಸಾಕೆಂದು ರಾಜ್ಯಪಾಲರು ಅಕ್ಟೋಬರಿನಲ್ಲಿ ಅದನ್ನು ತಡೆದರು. ಇಂಥ ಕಾನೂನಿನಿಂದ ಇಡೀ ಸಮುದಾಯದ ಮೇಲೆ ಸಂಶಯ ಬೀಳುತ್ತದೆ ಎಂದು ನಮ್ಮಲ್ಲೇ ಹಲವರು ವಿರೋಧಿಸಿದರು. ಆ ಆತಂಕವನ್ನು ನಾನು ತಳ್ಳಿಹಾಕುವುದಿಲ್ಲ. ಆದರೆ ಅಡ್ಡಹೆಸರನ್ನು ಮುಚ್ಚಿಟ್ಟುಕೊಂಡು ಆಫೀಸಿಗೆ ಹೋಗಬೇಕಾಗಿದೆ ಎನ್ನುವ ದಲಿತ ಸಹೋದ್ಯೋಗಿಗೆ ಆ ಆತಂಕ ಉತ್ತರವಾಗುವುದಿಲ್ಲ. ನಮ್ಮ ಮಾನದ ಚಿಂತೆ ಒಂದು ಕಡೆ, ಅವರ ಅನ್ನದ ಚಿಂತೆ ಇನ್ನೊಂದು ಕಡೆ. ತಕ್ಕಡಿಯಲ್ಲಿ ಎರಡನೆಯದೇ ಭಾರ. ಆದ್ದರಿಂದ ನಾನು ಆ ಮಸೂದೆಯ ಪರ.

ಬಣ್ಣದ ಹೆಸರಿನಲ್ಲಿ ನಮಗೆ ಅವಮಾನವಾದರೆ ಕಾನೂನಿನ ಮೊರೆ ಹೋಗುತ್ತೇವೆ. ಜಾತಿಯ ಹೆಸರಿನಲ್ಲಿ ಇನ್ನೊಬ್ಬರು ಅದನ್ನೇ ಕೇಳಿದಾಗ ಮನೆಯ ವಿಷಯ ಬೀದಿಗೆ ತರಬೇಡಿ ಎಂದರೆ, ನಾವಿನ್ನೂ ಥಿಂಡ್ ಅವರ ವಾದವನ್ನೇ ಮಂಡಿಸುತ್ತಿದ್ದೇವೆ: ನಿಯಮ ಹಾಗೇ ಇರಲಿ, ನಮ್ಮನ್ನಷ್ಟೇ ಒಳಗೆ ಬಿಡಿ.